ರಕ್ಷಣೆಗೆ ಕಾರಣ ಯಾರಲ್ಲಿದೆ, ಅದರ ಗುರಿ ಏನು? ಎಫೆಸದವರಿಗೆ ಬರೆದ ಪತ್ರಿಕೆಯ ಮೂರು ವಚನಗಳ ಸುತ್ತ

ಬೆಟಗೇರಿಯವನು (ಚರ್ಚೆ ಆರಂಭಿಸಿದವರು)

ನಮ್ಮ ಸಭೆಯಲ್ಲಿ ದೃಢೀಕರಣದ (ಕನ್ಫರ್ಮೇಶನ್) ತರಗತಿಗೆ ಪಾಠ ಹೇಳುವ ಕೆಲಸ ಈ ಸಲ ನನ್ನ ಹೆಗಲಿಗೆ ಬಿದ್ದಿದೆ. ಹತ್ತನೇ ತರಗತಿಯ ಆಸುಪಾಸಿನ ಮಕ್ಕಳು, ಬುದ್ಧಿವಂತರು. "ದೇವರು ಮನುಷ್ಯರನ್ನು ಏಕೆ ರಕ್ಷಿಸಿದ?" ಎಂದು ಕೇಳಿದರೆ "ನಾವು ಪಾಪಿಗಳಾಗಿದ್ದೆವು, ಅದಕ್ಕೆ" ಎನ್ನುತ್ತಾರೆ. "ಯಾವುದಕ್ಕಾಗಿ ರಕ್ಷಿಸಿದ?" ಎಂದರೆ "ಸ್ವರ್ಗಕ್ಕೆ ಹೋಗುವುದಕ್ಕೆ." ಎರಡೂ ಬಾಯಿಪಾಠದ ಉತ್ತರಗಳು. ನಮಗೆ ಕಲಿಸಿದವರೂ ಇದನ್ನೇ ಕಲಿಸಿದ್ದರು.

ನನ್ನ ತಕರಾರು ಇಷ್ಟು. ರಕ್ಷಣೆ ಬೇಕಾಗಿತ್ತು ಎಂಬುದನ್ನು ಪಾಪ ತೋರಿಸುತ್ತದೆ, ಅದು ದೊರೆತದ್ದೇಕೆ ಎಂಬುದನ್ನಲ್ಲ. ಪಾಪಿಗಳನ್ನು ಅವರ ಪಾಡಿಗೆ ಬಿಟ್ಟಿದ್ದರೂ ದೇವರ ನ್ಯಾಯಕ್ಕೆ ಕುಂದು ಬರುತ್ತಿರಲಿಲ್ಲ ಎಂದೇ ನಮ್ಮಲ್ಲಿ ಬೋಧಿಸುತ್ತಾರೆ. ಆದರೂ ಬಿಡಲಿಲ್ಲ. ಹಾಗೆ ಬಿಡದೆ ಇದ್ದುದಕ್ಕೆ ಕಾರಣ ನಮ್ಮಲ್ಲಿದೆಯೋ, ಅವನಲ್ಲಿದೆಯೋ?

ಎರಡನೆಯ ಪ್ರಶ್ನೆಗೆ ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ತೆಗೆಯಿರಿ. ರಕ್ಷಣೆಯಾದದ್ದು ಕೃಪೆಯಿಂದ, ನಂಬಿಕೆಯ ಮೂಲಕ; ಅದು ದೇವರ ವರ ಎನ್ನುತ್ತದೆ 8ನೇ ವಚನ. ಯಾರೂ ಕೊಚ್ಚಿಕೊಳ್ಳದಂತೆ ಅದು ಪುಣ್ಯಕ್ರಿಯೆಗಳಿಂದ ಆದದ್ದಲ್ಲ ಎನ್ನುತ್ತದೆ 9. ಮನೆಪ್ರಾರ್ಥನೆಗಳಲ್ಲಿ ಇವೆರಡನ್ನು ಒಪ್ಪಿಸಿ ಅಲ್ಲಿಗೇ ಆಮೆನ್ ಹೇಳಿಬಿಡುತ್ತೇವೆ. 10ನೇ ವಚನದಲ್ಲಿ ಪೌಲನು ಅದೇ ಉಸಿರಿನಲ್ಲಿ, ನಾವು ದೇವರ ಕೈಕೆಲಸ, ದೇವರು ಮೊದಲೇ ಸಿದ್ಧಮಾಡಿಟ್ಟ ಸತ್ಕ್ರಿಯೆಗಳಿಗಾಗಿಯೇ ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟವರು ಎನ್ನುತ್ತಾನೆ. ಅಲ್ಲಿಗೆ, ಸತ್ಕ್ರಿಯೆ ರಕ್ಷಣೆಯ ಕಾರಣವಲ್ಲ, ಅದರ ಗುರಿ. ಕಾರಣವನ್ನೂ ಗುರಿಯನ್ನೂ ಅದಲುಬದಲು ಮಾಡಿದರೆ ಇಡೀ ಬೋಧನೆ ತಲೆಕೆಳಗಾಗುತ್ತದೆ ಎಂಬುದು ನನ್ನ ವಾದ. ಬಲ್ಲವರು ಹೇಳಿ.

ಬೆಂದೂರಿನ ಟೀಚರ್

ನಾನು ಕ್ಯಾಥೊಲಿಕಳು, ಧರ್ಮೋಪದೇಶ ತರಗತಿ ನಡೆಸುವವಳು. ನಿಮ್ಮ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ ಎತ್ತಿಕೊಂಡು ನಮ್ಮ ಧರ್ಮಸಭೆ 1547ರಲ್ಲಿಯೇ ಉತ್ತರ ಬರೆದಿಟ್ಟಿದೆ. ಇಟಲಿಯ ಟ್ರೆಂಟ್ ನಗರದಲ್ಲಿ ನಡೆದ ಮಹಾಸಭೆಯ ಆರನೆಯ ಅಧಿವೇಶನ, ಏಳನೆಯ ಅಧ್ಯಾಯ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದಕ್ಕೆ ಇರುವ ಕಾರಣಗಳನ್ನು ಅಲ್ಲಿ ಒಂದೊಂದಾಗಿ ಬಿಡಿಸಿದ್ದಾರೆ.

ಗುರಿಯೆಂಬ ಕಾರಣ: ದೇವರ ಮತ್ತು ಕ್ರಿಸ್ತರ ಮಹಿಮೆ, ಜೊತೆಗೆ ನಿತ್ಯಜೀವ. ಮಾಡುವ ಕರ್ತೃ: ಕರುಣಾಮಯಿ ದೇವರು. ಅರ್ಹತೆ ಗಳಿಸಿಕೊಟ್ಟವರು: ನಾವಿನ್ನೂ ಶತ್ರುಗಳಾಗಿದ್ದಾಗಲೇ ಶಿಲುಬೆಯ ಮೇಲೆ ನೋವುಂಡ ಪ್ರಭು ಯೇಸುಕ್ರಿಸ್ತರು. ಉಪಕರಣ: ದೀಕ್ಷಾಸ್ನಾನ. ಕೊನೆಯದು ರೂಪ ಕೊಡುವ ಕಾರಣ: ದೇವರ ನೀತಿ. ಅಂದರೆ ದೇವರು ತಾವು ನೀತಿವಂತರಾಗಿರುವ ನೀತಿಯಲ್ಲ, ನಮ್ಮನ್ನು ನೀತಿವಂತರನ್ನಾಗಿಸುವ ನೀತಿ.

ಈ ಪಟ್ಟಿಯಲ್ಲಿ ನನ್ನ ಒಳ್ಳೆಯತನಕ್ಕೆ ಎಲ್ಲಿಯೂ ಜಾಗವಿಲ್ಲ ಎಂಬುದನ್ನು ಗಮನಿಸಿ. ಮುಂದಿನ ಅಧ್ಯಾಯದಲ್ಲಿ, ನೀತಿವಂತರಾಗುವುದಕ್ಕೆ ಮುನ್ನ ನಮ್ಮಲ್ಲಿರುವ ವಿಶ್ವಾಸವಾಗಲಿ ಕ್ರಿಯೆಗಳಾಗಲಿ ಆ ಕೃಪೆಯನ್ನು ಗಳಿಸಲಾರವು ಎಂದು ನೇರವಾಗಿಯೇ ಹೇಳಿದ್ದಾರೆ. ಕ್ಯಾಥೊಲಿಕರು ಪುಣ್ಯ ಕೂಡಿಹಾಕಿ ಸ್ವರ್ಗ ಕೊಳ್ಳುತ್ತಾರೆ ಎಂದು ಪಕ್ಕದ ಬೀದಿಯ ಸಭೆಯವರು ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೆ ಇಷ್ಟು ಬರೆದೆ.

ಬಲ್ಮಠದ ಓದುಗ

ಟೀಚರ್ ಅವರ ಪಟ್ಟಿಗೆ ಒಂದು ಸ್ವಾರಸ್ಯ ಸೇರಿಸುತ್ತೇನೆ. ಟ್ರೆಂಟನ್ನು ವಿರೋಧಿಸಿದವರಲ್ಲಿ ಮುಂಚೂಣಿಯಲ್ಲಿದ್ದ ಜಿನೀವಾದ ಪ್ರಾಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಕೂಡ ಹೀಗೆಯೇ ಪಟ್ಟಿ ಮಾಡಿದ್ದಾನೆ. ಅವನ ಮಹಾಗ್ರಂಥದ ಮೂರನೆಯ ಭಾಗ, ಹದಿನಾಲ್ಕನೆಯ ಅಧ್ಯಾಯ. ತತ್ತ್ವಜ್ಞಾನಿಗಳು ನಾಲ್ಕು ಬಗೆಯ ಕಾರಣಗಳನ್ನು ಹೇಳುತ್ತಾರಲ್ಲ, ಅವುಗಳಲ್ಲಿ ಯಾವುದರಲ್ಲಿ ಹುಡುಕಿದರೂ ನಮ್ಮ ಕ್ರಿಯೆಗಳು ಸಿಗುವುದಿಲ್ಲ ಎನ್ನುತ್ತಾನೆ. ಕರ್ತೃಕಾರಣ ತಂದೆಯ ಕರುಣೆ, ದ್ರವ್ಯ ಎನ್ನಬಹುದಾದದ್ದು ಕ್ರಿಸ್ತನ ವಿಧೇಯತೆ, ಉಪಕರಣ ನಂಬಿಕೆ, ಗುರಿ ದೇವರ ನೀತಿ ಪ್ರಕಟವಾಗುವುದು ಮತ್ತು ಅವನ ಒಳ್ಳೆಯತನದ ಸ್ತುತಿ.

ಇಬ್ಬರೂ ಅರಿಸ್ಟಾಟಲನ ಪೆಟ್ಟಿಗೆಯಿಂದಲೇ ಸಲಕರಣೆ ಎತ್ತಿಕೊಂಡವರು. ಕರ್ತೃಕಾರಣದಲ್ಲಿ ಜಗಳವೇ ಇಲ್ಲ, ಗುರಿಯಲ್ಲಿ ಇದ್ದರೂ ಅಲ್ಪ. ಕತ್ತಿ ಮಸೆದದ್ದು ನಡುವಿನ ಎರಡು ಕಡೆ. ಉಪಕರಣ ದೀಕ್ಷಾಸ್ನಾನವೋ ನಂಬಿಕೆಯೋ? ನೀತಿಯನ್ನು ದೇವರು ನಮ್ಮೊಳಗೆ ಸುರಿಯುತ್ತಾನೋ, ಕ್ರಿಸ್ತನ ನೀತಿಯನ್ನು ನಮ್ಮ ಲೆಕ್ಕಕ್ಕೆ ಬರೆಯುತ್ತಾನೋ? 1547ರಲ್ಲಿಯೇ ಟ್ರೆಂಟಿಗೆ ಉತ್ತರ ಬರೆದ ಕ್ಯಾಲ್ವಿನ್, ದೀಕ್ಷಾಸ್ನಾನವೊಂದನ್ನೇ ಉಪಕರಣ ಎಂದರೆ ಸುವಾರ್ತೆಯ ಗತಿಯೇನು ಎಂದು ಕೇಳಿದ್ದಾನೆ. ಆ ಪ್ರಶ್ನೆಯಲ್ಲಿ ಹುರುಳಿದೆ ಎಂದು ನಾನು ಈಗಲೂ ನಂಬುತ್ತೇನೆ.

ಬೆಟಗೇರಿಯವರೇ, ಮಕ್ಕಳಿಗೆ ಅರಿಸ್ಟಾಟಲ್ ಬೇಡ. ಆದರೆ ಪಾಠ ಹೇಳುವ ನಿಮ್ಮ ತಲೆಯಲ್ಲಿ ಈ ನಾಲ್ಕು ಖಾನೆಗಳಿದ್ದರೆ ಮಕ್ಕಳ ಯಾವ ಉತ್ತರವನ್ನು ಎಲ್ಲಿಡಬೇಕು ಎಂಬುದು ಗೊತ್ತಾಗುತ್ತದೆ.

ಹೊಸಕೋಟೆ ರಸ್ತೆಯ ವಿಶ್ವಾಸಿ

ಪ್ರೈಸ್ ದ ಲಾರ್ಡ್. ಓದುತ್ತಾ ಹೋದಂತೆ ಬೇಸರವಾಯಿತು. ಗಲಿಲಾಯದ ಬೆಸ್ತರಿಗೆ ಅರ್ಥವಾದ ಸಂಗತಿಗೆ ಗ್ರೀಕ್ ಪಂಡಿತನೇಕೆ? ಯೋಹಾನ 3:16 ಸಾಲದೇ? ದೇವರು ಲೋಕವನ್ನು ಪ್ರೀತಿಸಿದನು, ಅದೇ ಕಾರಣ. ನಂಬುವವನು ನಾಶವಾಗಬಾರದು, ಅದೇ ಉದ್ದೇಶ. ಒಂದೇ ವಚನದಲ್ಲಿ ಎರಡೂ ಇವೆ.

ನಾನು ಮೂವತ್ತು ದಾಟಿದ ಮೇಲೆ ಕರ್ತನನ್ನು ಸ್ವೀಕರಿಸಿದವನು. ಅದಕ್ಕೆ ಮೊದಲು ಕುಡಿದು ಮನೆ ಹಾಳುಮಾಡುತ್ತಿದ್ದೆ. ನನ್ನಲ್ಲಿ ಪ್ರೀತಿಸುವಂಥದ್ದು ಏನಿತ್ತು? ಏನೂ ಇರಲಿಲ್ಲ. ಟ್ರೆಂಟಿನ ಕಾಗದ ನೋಡಿ ಕಲಿತದ್ದಲ್ಲ ಇದು. ಇನ್ನು, ಏನೂ ತಿಳಿಯದ ಕೂಸಿಗೆ ನೀರು ಚಿಮುಕಿಸಿ ಅದನ್ನು ಉಪಕರಣ ಎನ್ನುವುದನ್ನು ನಾನು ಒಪ್ಪಲಾರೆ.

ಬೆಂದೂರಿನ ಟೀಚರ್

ಅಣ್ಣಾ, ನಿಮ್ಮ ಸಾಕ್ಷಿಗೆ ಗೌರವವಿದೆ. ಆದರೆ ನಿಮ್ಮಲ್ಲಿ ಏನೂ ಇರಲಿಲ್ಲ ಎಂದು ನೀವೇ ಹೇಳಿದಿರಲ್ಲ, ಕೂಸಿನ ದೀಕ್ಷಾಸ್ನಾನ ಸಾರುವುದೂ ಅದನ್ನೇ. ಕೊಡಲು, ತೋರಿಸಲು, ಹೇಳಿಕೊಳ್ಳಲು ಅದಕ್ಕೆ ಏನೂ ಇಲ್ಲ. ಕಾರಣವೆಲ್ಲ ದೇವರದು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಎಲ್ಲಿದೆ? (ಇಲ್ಲಿಗೆ ನಿಲ್ಲಿಸುತ್ತೇನೆ. ಈ ಜಗಳಕ್ಕೆ ಇಳಿದರೆ ಕ್ರಿಸ್ಮಸ್ ಬಂದರೂ ಮುಗಿಯುವುದಿಲ್ಲ.)

ಮೇಲುಕೋಟೆ ಕಡೆಯವನು

ನಾನು ಕ್ರೈಸ್ತನಲ್ಲ, ಶ್ರೀವೈಷ್ಣವ ಮನೆತನದವನು. ನಿಮ್ಮ ವಾದ ಓದುತ್ತಿದ್ದರೆ ನಮ್ಮ ಮನೆಯ ಜಗುಲಿಯ ಮೇಲೆ ಕೂತ ಹಾಗಾಗುತ್ತಿದೆ, ಅದಕ್ಕೆ ನಡುವೆ ಬಾಯಿ ಹಾಕುತ್ತಿದ್ದೇನೆ.

ರಾಮಾನುಜರ ನಂತರ ನಮ್ಮಲ್ಲಿ ತೆಂಗಲೆ, ವಡಗಲೆ ಎಂದು ಎರಡಾದದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಭಗವಂತನ ಕೃಪೆ ನಿರ್ಹೇತುಕ ಎಂದು ಒಂದು ಪಕ್ಷ. ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವಾಗ ಮರಿ ಏನನ್ನೂ ಮಾಡುವುದಿಲ್ಲ. ಅದು ಮಾರ್ಜಾಲಕಿಶೋರ ನ್ಯಾಯ. ಇನ್ನೊಂದು ಪಕ್ಷದ್ದು ಮರ್ಕಟಕಿಶೋರ ನ್ಯಾಯ; ಹೊತ್ತು ನೆಗೆಯುವುದು ತಾಯಿಯೇ ಆದರೂ ಕೋತಿಮರಿ ಅವಳ ಹೊಟ್ಟೆಯನ್ನು ತಬ್ಬಿ ಹಿಡಿದಿರಬೇಕು. ಹಾಗೆ ಹಿಡಿಯುವುದೂ ಕೃಪೆಗೆ ಬೆಲೆಯಲ್ಲ, ಬರೀ ವ್ಯಾಜ ಎಂದು ವೇದಾಂತದೇಶಿಕರ ಪರಂಪರೆಯವರು ಹೇಳುತ್ತಾರೆ. ಕೊಡಲು ಕಾದು ಕುಳಿತವನಿಗೆ ಒಂದು ನೆಪ ಬೇಕು, ಅಷ್ಟೆ. ನೆಪವಿಲ್ಲದೆ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿದ್ದರೆ ಪಕ್ಷಪಾತದ ದೋಷ ಬರುತ್ತದಲ್ಲ, ಆ ದೋಷವನ್ನು ತಪ್ಪಿಸುವುದಕ್ಕೆ ಈ ನೆಪ.

ನನ್ನ ಪ್ರಶ್ನೆ: ನಿಮ್ಮಲ್ಲಿ ನಂಬಿಕೆ ಎನ್ನುವುದು ಬೆಕ್ಕಿನ ಮರಿಯದೋ, ಕೋತಿಮರಿಯದೋ? ಕೋತಿಮರಿಯದಾದರೆ ಅದೂ ಒಂದು ಕ್ರಿಯೆಯೇ ತಾನೇ? ಬೆಕ್ಕಿನ ಮರಿಯದಾದರೆ, ಕೆಲವು ಮರಿಗಳನ್ನು ಬೆಕ್ಕು ಏಕೆ ಬಿಟ್ಟುಹೋಗುತ್ತದೆ?

ಬಲ್ಮಠದ ಓದುಗ

ಸ್ವಾಮಿ, ಇಡೀ ಪಾಶ್ಚಾತ್ಯ ದೇವಶಾಸ್ತ್ರದ ಸಾವಿರದೈನೂರು ವರ್ಷಗಳ ತಲೆನೋವನ್ನು ಎರಡು ಪ್ರಾಣಿಗಳಲ್ಲಿ ಹೇಳಿ ಮುಗಿಸಿದಿರಿ.

ನಮ್ಮಲ್ಲಿಯೂ ಎರಡೂ ಪಕ್ಷಗಳಿವೆ. ಮನುಷ್ಯ ಮನಸ್ಸು ಮಾಡಿದರೆ ಪಾಪವಿಲ್ಲದೆ ಬಾಳಬಲ್ಲ ಎಂಬ ಪೆಲಾಜಿಯಸನ ಬೋಧನೆಯನ್ನು 418ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಸಭೆ ತಳ್ಳಿಹಾಕಿತು. ಅದರ ಬೆನ್ನಿಗಿದ್ದದ್ದು ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್. ಆಮೇಲೆ ನಡುಹಾದಿಯ ಒಂದು ವಾದ ಹುಟ್ಟಿತು: ಮೊದಲ ಹೆಜ್ಜೆ ನಮ್ಮದು, ಉಳಿದದ್ದು ದೇವರದು. 529ರಲ್ಲಿ ಫ್ರಾನ್ಸಿನ ಆರೆಂಜ್ ಪಟ್ಟಣದ ಸಭೆ ಅದನ್ನೂ ಒಪ್ಪಲಿಲ್ಲ. ನಂಬಬೇಕೆಂಬ ಆಸೆಯ ಮೊಳಕೆ ಕೂಡ ಕೃಪೆಯೇ ಎಂದಿತು. ಅಂದರೆ ಕೋತಿಮರಿಯ ಕೈಗೆ ಹಿಡಿಯುವ ಬಲ ಕೊಟ್ಟದ್ದೂ ತಾಯಿಯೇ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಕಹಿಯಾದದ್ದು. ಹಾಲೆಂಡಿನಲ್ಲಿ ಅರ್ಮಿನಿಯಸನ ಶಿಷ್ಯರು 1610ರಲ್ಲಿ ಐದು ಅಂಶಗಳ ಮನವಿ ಬರೆದು, ಯಾರು ನಂಬುತ್ತಾರೆಂದು ಮುಂಗಂಡೇ ದೇವರು ಆರಿಸುತ್ತಾನೆ, ಕೃಪೆಯನ್ನು ಮನುಷ್ಯ ಒಲ್ಲೆ ಎನ್ನಲೂಬಹುದು ಎಂದರು. 1618–19ರಲ್ಲಿ ಡಾರ್ಟ್ ಪಟ್ಟಣದ ಸಭೆ ಅದನ್ನು ತಿರಸ್ಕರಿಸಿತು. ಆಯ್ಕೆಯ ಕಾರಣ ದೇವರ ಚಿತ್ತವಷ್ಟೇ, ಮನುಷ್ಯನಲ್ಲಿ ಮುಂಗಂಡ ನಂಬಿಕೆಯಲ್ಲ ಎಂದಿತು. ಮುಂದೆ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ ಅರ್ಮಿನಿಯಸನ ಕಡೆ ವಾಲಿದ. 1947ರಲ್ಲಿ ದಕ್ಷಿಣ ಭಾರತದ ಸಭೆ (ಸಿ.ಎಸ್.ಐ. ಚರ್ಚ್) ರೂಪುಗೊಂಡಾಗ ವೆಸ್ಲಿಯ ವಾರಸುದಾರರೂ ಕ್ಯಾಲ್ವಿನನ ವಾರಸುದಾರರೂ ಒಂದೇ ಚಾವಣಿಯ ಕೆಳಗೆ ಬಂದರು. ಇಂದಿಗೂ ನಮ್ಮ ಒಂದು ವೇದಿಕೆಯಿಂದ ಬೆಕ್ಕು, ಇನ್ನೊಂದರಿಂದ ಕೋತಿ ಕೇಳಿಬರುತ್ತದೆ. ಕೆಲವೊಮ್ಮೆ ಒಂದೇ ಪ್ರಸಂಗದಲ್ಲಿ ಎರಡೂ.

ನನ್ನ ಮಟ್ಟಿಗೆ ನಂಬಿಕೆ ಚಾಚಿದ ಬರಿಗೈ. ಕೈ ಚಾಚಿದ್ದರಿಂದ ದಾನ ಹುಟ್ಟುವುದಿಲ್ಲ. ನಿಮ್ಮ 'ವ್ಯಾಜ' ಎಂಬ ಮಾತು ಅದಕ್ಕೆ ಎಷ್ಟು ಹತ್ತಿರವಿದೆ ಎಂದರೆ, ಡಾರ್ಟಿನಲ್ಲಿ ಕೂತವರಿಗೆ ಅದು ಸಿಕ್ಕಿದ್ದರೆ ಜಗಳ ಸ್ವಲ್ಪ ಬೇಗ ಮುಗಿಯುತ್ತಿತ್ತೇನೋ.

ಶಿವಮೊಗ್ಗದ ಸಂದೇಹಿ

ಹೊರಗಿನವನ ಒಂದು ಒರಟು ಪ್ರಶ್ನೆ. ಟ್ರೆಂಟಿನವರೂ ಕ್ಯಾಲ್ವಿನನೂ ಗುರಿ ಎಂದದ್ದು ದೇವರ ಮಹಿಮೆಯನ್ನು. ಎಫೆಸದ ಪತ್ರಿಕೆಯ ಮೊದಲ ಅಧ್ಯಾಯ ತೆಗೆದು ನೋಡಿದೆ. ದೇವರ ಮಹಿಮೆಯ ಸ್ತುತಿಗಾಗಿ ಎಂಬರ್ಥದ ಮಾತು 6, 12, 14ನೇ ವಚನಗಳಲ್ಲಿ ಮೂರು ಸಲ ಬರುತ್ತದೆ. ಯೆಹೆಜ್ಕೇಲನ ಪುಸ್ತಕದ 36ನೇ ಅಧ್ಯಾಯದಲ್ಲಿ ದೇವರು ಇಸ್ರೇಲಿಗೆ ಇನ್ನೂ ಬಿಚ್ಚಿ ಹೇಳುತ್ತಾನೆ: ನಾನು ಇದನ್ನು ಮಾಡುತ್ತಿರುವುದು ನಿಮಗಾಗಿ ಅಲ್ಲ, ನನ್ನ ಹೆಸರಿಗಾಗಿ.

ಮನುಷ್ಯನೊಬ್ಬ ಹೀಗೆ ಮಾಡಿದರೆ ಏನೆನ್ನುತ್ತೇವೆ? ಅನ್ನದಾನ ಮಾಡಿ ಮೂಟೆಯ ಮೇಲೆಲ್ಲ ತನ್ನ ಫೋಟೊ ಅಂಟಿಸಿದ ರಾಜಕಾರಣಿಗೂ ಈ ದೇವರಿಗೂ ಏನು ವ್ಯತ್ಯಾಸ? ಪ್ರೀತಿಯೇ ಕಾರಣ ಎನ್ನುವವರು ಮೊದಲು ಇದಕ್ಕೆ ಉತ್ತರ ಕೊಡಲಿ.

ಹೊಸಕೋಟೆ ರಸ್ತೆಯ ವಿಶ್ವಾಸಿ

ಸಹೋದರರೇ, ದೇವರನ್ನು ರಾಜಕಾರಣಿಗೆ ಹೋಲಿಸಬೇಡಿ. ಕುಂಬಾರನನ್ನು ಮಣ್ಣು ಪ್ರಶ್ನಿಸುವುದೇ? ರೋಮಾಪುರ 9 ಓದಿ.

ಶಿವಮೊಗ್ಗದ ಸಂದೇಹಿ

ಇದು ಬಾಯಿ ಮುಚ್ಚಿಸುವ ಮಾತು, ಉತ್ತರವಲ್ಲ. ಓದಿದೆ, ಓದಿದ ಮೇಲೂ ಪ್ರಶ್ನೆ ಹಾಗೆಯೇ ಇದೆ.

ನಿರ್ವಾಹಕರು

ವಿಷಯ ಬಿಟ್ಟು ವ್ಯಕ್ತಿಗಳ ಮೇಲೆ ಹೋಗಬೇಡಿ. ಮತಾಂತರದ ರಾಜಕೀಯ ಎತ್ತಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ. ಅದಕ್ಕೆ ಬೇರೆ ಎಳೆ ಇದೆ.

ಬ್ರಹ್ಮಾವರದ ಆರ್ಥೊಡಾಕ್ಸ್

ಉಡುಪಿ ಜಿಲ್ಲೆಯ ನಮ್ಮ ಸಮುದಾಯ ಅಷ್ಟಾಗಿ ಸುದ್ದಿಯಲ್ಲಿರುವುದಲ್ಲ. 19ನೇ ಶತಮಾನದ ಕೊನೆಗೆ ಬ್ರಹ್ಮಾವರದ ಕಡೆಯ ಒಂದಷ್ಟು ಕ್ಯಾಥೊಲಿಕ್ ಕುಟುಂಬಗಳು ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯನ್ನು ಸೇರಿದವು. ನಾವು ಅವರ ಮೊಮ್ಮಕ್ಕಳು, ಮರಿಮಕ್ಕಳು. ಮಾತು ಬಂದದ್ದಕ್ಕೆ ಹೇಳಿದೆ. ಇಲ್ಲಿಯವರೆಗೆ ಎಲ್ಲರೂ ಪಶ್ಚಿಮದ ಕಡತಗಳನ್ನೇ ಬಿಚ್ಚಿದ್ದೀರಿ. ಪೂರ್ವದವರಿಗೆ ಈ ಗಂಟು ಇಷ್ಟು ಬಿಗಿಯಾಗಿಲ್ಲ.

325ರ ನಿಕೇಯ ಮಹಾಸಭೆಯ ವಿಶ್ವಾಸಪ್ರಮಾಣವನ್ನು ನೀವೂ ಹೇಳುತ್ತೀರಿ, ನಾವೂ ಹೇಳುತ್ತೇವೆ. ಮನುಷ್ಯರಾದ ನಮಗಾಗಿಯೂ ನಮ್ಮ ರಕ್ಷಣೆಗಾಗಿಯೂ ಕ್ರಿಸ್ತರು ಇಳಿದುಬಂದರು ಎಂಬುದು ಅದರಲ್ಲಿದೆ. ಆ ಸಭೆಗೆ ಅಲೆಕ್ಸಾಂಡ್ರಿಯದಿಂದ ತನ್ನ ಬಿಷಪ್ಪರ ಜೊತೆ ಹೋಗಿದ್ದ ಯುವ ಸಭಾಸೇವಕ (ಡೀಕನ್) ಅಥನೇಸಿಯಸ್. ಮುಂದೆ ಅಲ್ಲಿಯೇ ಬಿಷಪ್ಪನಾಗಿ ಐದು ಸಲ ಗಡೀಪಾರಾದವನು. ದೇವರು ಮನುಷ್ಯನಾದದ್ದರ ಬಗ್ಗೆ ಅವನು ಬರೆದ ಪುಟ್ಟ ಪುಸ್ತಕದಲ್ಲಿ ಒಂದು ಚಿತ್ರಪಟದ ಮಾತು ಬರುತ್ತದೆ. ಮರದ ಹಲಗೆಯ ಮೇಲೆ ಬರೆದ ಒಬ್ಬರ ಚಿತ್ರ ಕಲೆಯಾಗಿ ಅಳಿಸಿಹೋಯಿತು. ಹಲಗೆಯನ್ನು ಯಾರೂ ಬಿಸಾಡುವುದಿಲ್ಲ. ಯಾರ ಚಿತ್ರವೋ ಅವರೇ ಮತ್ತೆ ಬಂದು ಎದುರು ಕೂರಬೇಕು, ಅದೇ ಹಲಗೆಯ ಮೇಲೆ ಹೊಸದಾಗಿ ಬರೆಯಬೇಕು. ದೇವರ ಪ್ರತಿರೂಪದಲ್ಲಿ ಉಂಟಾದ ಮನುಷ್ಯ ಆ ಹಲಗೆ. ಮಗನು ಬಂದದ್ದು ಎದುರು ಕೂರುವುದಕ್ಕೆ.

ಬೆಟಗೇರಿಯವರೇ, 'ಬಿಟ್ಟಿದ್ದರೂ ನ್ಯಾಯಕ್ಕೆ ಕುಂದು ಬರುತ್ತಿರಲಿಲ್ಲ' ಎಂದಿರಿ. ಅಥನೇಸಿಯಸ್ ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವವನಲ್ಲ. ತಾನು ಉಂಟುಮಾಡಿದ್ದು ಕಣ್ಣೆದುರೇ ಕೊಳೆತು ಹೋಗುವುದನ್ನು ನೋಡುತ್ತಾ ಸುಮ್ಮನಿರುವುದು ದೇವರ ಒಳ್ಳೆಯತನಕ್ಕೆ ತಕ್ಕದ್ದಲ್ಲ ಎಂದು ವಾದಿಸುತ್ತಾನೆ. ಆಗ ಕಾರಣ ದೇವರ ಸ್ವಭಾವವೇ ಆಗುತ್ತದೆ. ಗುರಿ? ದೇವರು ನಮ್ಮಂತಾದದ್ದು ನಾವು ಅವನಂತಾಗಲೆಂದು. 2 ಪೇತ್ರ 1:4ರಲ್ಲಿಯೂ ದೈವಸ್ವಭಾವದಲ್ಲಿ ಪಾಲುಗಾರರಾಗುವ ಮಾತಿದೆ. ಪಾಪಕ್ಷಮೆ ಬಾಗಿಲು ಮಾತ್ರ. ನೀವು ಪಶ್ಚಿಮದವರು ಬಾಗಿಲಲ್ಲಿಯೇ ಐದು ಶತಮಾನ ವಾದಿಸುತ್ತಾ ನಿಂತುಬಿಟ್ಟಿರಿ.

ಮೇಲುಕೋಟೆ ಕಡೆಯವನು

ಅವನಂತಾಗುವುದು ಎಂದರೆ ಅವನೇ ಆಗಿಬಿಡುವುದೋ? ಹಾಗಿದ್ದರೆ ಅದು ಅದ್ವೈತಿಗಳ ಮಾತಾಯಿತು. ನಾವು ಒಪ್ಪುವವರಲ್ಲ, ಉಡುಪಿಯವರಂತೂ ಕೇಳಲೇಬೇಡಿ.

ಬ್ರಹ್ಮಾವರದ ಆರ್ಥೊಡಾಕ್ಸ್

ಇಲ್ಲ ಸ್ವಾಮಿ. ಸೃಷ್ಟಿ ಸೃಷ್ಟಿಯಾಗಿಯೇ ಉಳಿಯುತ್ತದೆ. ದೇವರು ಸ್ವಭಾವದಿಂದ ಏನಾಗಿದ್ದಾನೋ ಅದರಲ್ಲಿ ನಾವು ಕೃಪೆಯಿಂದ ಪಾಲು ಪಡೆಯುತ್ತೇವೆ, ಅಷ್ಟೆ. ಉಡುಪಿಯವರ ನೆರೆಯಲ್ಲಿರುವ ನಮಗೆ ಭೇದ ಮರೆಯುವ ಧೈರ್ಯ ಎಲ್ಲಿಂದ ಬರಬೇಕು!

ಬೆಂದೂರಿನ ಟೀಚರ್

ಶಿವಮೊಗ್ಗದವರ ಪ್ರಶ್ನೆಗೆ ನನ್ನ ಉತ್ತರ. ಒರಟಾದರೂ ಅದು ನ್ಯಾಯವಾದ ಪ್ರಶ್ನೆ. ಹನ್ನೊಂದನೆಯ ಶತಮಾನದ ಕೊನೆಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ ದೇವರು ಮನುಷ್ಯನಾದದ್ದೇಕೆ ಎಂದು ಕೇಳಿಕೊಂಡು ಒಂದು ಸಂವಾದ ಬರೆದು 1098ರಲ್ಲಿ ಮುಗಿಸಿದರು. ಪಾಪ ದೇವರ ಗೌರವಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸದೆ ಹೋದದ್ದು, ಅದನ್ನು ತುಂಬಿಕೊಡಬೇಕಾದವನು ಮನುಷ್ಯ, ತುಂಬಿಕೊಡಬಲ್ಲವರು ದೇವರು ಮಾತ್ರ, ಆದ್ದರಿಂದ ಇಬ್ಬರೂ ಒಬ್ಬರಲ್ಲಿಯೇ ಸೇರಬೇಕಾಯಿತು ಎಂಬುದು ವಾದದ ತಿರುಳು. ಆದರೆ ಅದೇ ಆನ್ಸೆಲ್ಮ್, ದೇವರ ಗೌರವಕ್ಕೆ ನಾವು ಏನನ್ನೂ ಕೂಡಿಸಲಾರೆವು, ಏನನ್ನೂ ಕಳೆಯಲಾರೆವು ಎಂದೂ ಹೇಳುತ್ತಾರೆ. ಕೆಡುವುದು ನಮ್ಮ ಮತ್ತು ಲೋಕದ ಕ್ರಮವೇ ಹೊರತು ದೇವರಲ್ಲ. ಹಸಿದ ರಾಜಕಾರಣಿಗೂ ತುಂಬಿದ ದೇವರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ಮೂಟೆಯ ಮೇಲಿನ ಫೋಟೊದಿಂದ ರಾಜಕಾರಣಿಗೆ ವೋಟು ಸಿಗುತ್ತದೆ. ನಮ್ಮ ಸ್ತುತಿಯಿಂದ ದೇವರಿಗೆ ಏನು ಸಿಗುತ್ತದೆ?

ನನಗೆ ಇನ್ನೂ ಹಿಡಿಸುವುದು ಎರಡನೆಯ ಶತಮಾನದ ಲಿಯೋನ್ ನಗರದ ಬಿಷಪ್ ಐರಿನೇಯಸರ ಮಾತು. ಜೀವ ತುಂಬಿ ಬದುಕುವ ಮನುಷ್ಯನೇ ದೇವರ ಮಹಿಮೆ, ಮನುಷ್ಯನ ಜೀವ ದೇವರ ದರ್ಶನ ಎಂಬ ಅರ್ಥದಲ್ಲಿ ಅವರು ಬರೆದರು. ಮಹಿಮೆಗಾಗಿಯೋ ಪ್ರೀತಿಗಾಗಿಯೋ ಎಂಬ ಪ್ರಶ್ನೆಯೇ ಅಲ್ಲಿ ಕರಗುತ್ತದೆ.

ನೀವು ತೆಗೆದ ಯೆಹೆಜ್ಕೇಲನ ಅಧ್ಯಾಯವನ್ನೇ ಇನ್ನೂ ನಾಲ್ಕು ವಚನ ಮುಂದೆ ಓದಿ. ನನ್ನ ಹೆಸರಿಗಾಗಿ ಎಂದ ದೇವರು 26ರಲ್ಲಿ ಹೇಳುವುದು, ನಿಮ್ಮ ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ ಎಂದು. ಹೆಸರು ಉಳಿಯುವುದು ಹಾಗೆ. 'ನಿಮಗಾಗಿ ಅಲ್ಲ' ಎಂಬುದಕ್ಕೆ 'ನಿಮ್ಮ ಯೋಗ್ಯತೆ ನೋಡಿ ಅಲ್ಲ' ಎಂದು ಅರ್ಥ. ಧರ್ಮೋಪದೇಶಕಾಂಡ 7ರಲ್ಲಿಯೂ ಇದೇ ಧಾಟಿ ಇದೆ. ನೀವು ದೊಡ್ಡ ಜನಾಂಗವೆಂದು ಆರಿಸಲಿಲ್ಲ, ಎಲ್ಲರಿಗಿಂತ ಚಿಕ್ಕವರಾಗಿದ್ದಿರಿ, ಪ್ರೀತಿಸಿದ್ದರಿಂದ ಆರಿಸಿದೆ. ಪ್ರೀತಿಸಿದ್ದೇಕೆ? ಪ್ರೀತಿಸಿದ್ದರಿಂದ. ಅದರ ಹಿಂದೆ ಇನ್ನೊಂದು ಕಾರಣವನ್ನು ಮೋಶೆಯ ಗ್ರಂಥ ಕೊಡುವುದೇ ಇಲ್ಲ.

ಬಲ್ಮಠದ ಓದುಗ

ಒಂದು ಅಡ್ಡ ಮಾತು. ಪಾಪವೇ ಇಲ್ಲದಿದ್ದರೆ ಕ್ರಿಸ್ತನು ಬರುತ್ತಿದ್ದನೇ? ಇದಕ್ಕೆ ಟೀಚರ್ ಅವರ ಕಡೆಯವರಲ್ಲಿಯೇ ಒಮ್ಮತವಿಲ್ಲ. ಥಾಮಸ್ ಅಕ್ವಿನಾಸರು ಧರ್ಮಗ್ರಂಥ ಎಲ್ಲೆಡೆ ಪಾಪವನ್ನೇ ಕಾರಣವಾಗಿ ಹೇಳುತ್ತದೆ, ಆದ್ದರಿಂದ ಪಾಪವಿಲ್ಲದಿದ್ದರೆ ಬರುತ್ತಿರಲಿಲ್ಲ ಎನ್ನುವುದೇ ಹೆಚ್ಚು ಸರಿ ಎಂದರು. ಫ್ರಾನ್ಸಿಸ್ಕನ್ ಮಠದ ಡನ್ಸ್ ಸ್ಕಾಟಸ್ ಒಪ್ಪಲಿಲ್ಲ. ದೇವರ ಅತ್ಯುನ್ನತ ಕಾರ್ಯಕ್ಕೆ ಆದಾಮನ ತಪ್ಪು ಕಾರಣವಾಗಬೇಕೇ, ಕ್ರಿಸ್ತನು ಮೊದಲಿನಿಂದಲೂ ಸಂಕಲ್ಪದಲ್ಲಿದ್ದವನು ಎಂದರು. ನನ್ನ ಒಲವು ಸ್ಕಾಟಸರ ಕಡೆಗೆ. ನಮ್ಮ ಸಭೆಯಲ್ಲಿ ಹೇಳಿದರೆ ಹುಬ್ಬೇರಿಸುತ್ತಾರೆ.

ಬೆಂದೂರಿನ ಟೀಚರ್

ನಮ್ಮ ಪಾಸ್ಕ (ಈಸ್ಟರ್) ಜಾಗರಣೆಯ ರಾತ್ರಿ, ದೀಪಗಳನ್ನೆಲ್ಲ ಆರಿಸಿ ಪಾಸ್ಕದ ದೊಡ್ಡ ಮೇಣದಬತ್ತಿ ಹಚ್ಚಿದ ಮೇಲೆ ಹಾಡುವ ಘೋಷಣಾಗೀತೆಯಲ್ಲಿ ಆದಾಮನ ತಪ್ಪನ್ನು ಧನ್ಯ ಅಪರಾಧ ಎಂದೇ ಕರೆಯುತ್ತೇವೆ. ಇಂಥ ರಕ್ಷಕರನ್ನು ತಂದುಕೊಟ್ಟ ತಪ್ಪು. ಆ ರಾತ್ರಿಯ ಮಟ್ಟಿಗೆ ನಾನು ಅಕ್ವಿನಾಸರ ಕಡೆ.

ಬೆಟಗೇರಿಯವನು

ಎಲ್ಲರಿಗೂ ವಂದನೆಗಳು. ಬ್ರಹ್ಮಾವರದವರ ಬಾಗಿಲಿನ ಮಾತು ಚುಚ್ಚಿತು, ಆದರೆ ಗುರಿಯ ಬಗ್ಗೆ ಅವರ ಉತ್ತರವೂ ಟೀಚರ್ ಅವರ ಉತ್ತರವೂ ನನಗೆ ಪೂರ್ತಿ ಸಾಲದು. ಎರಡೂ ಒಬ್ಬೊಬ್ಬ ಮನುಷ್ಯನ ಮೇಲೆ ಕಣ್ಣಿಟ್ಟಿವೆ. ಪೌಲನು 10ನೇ ವಚನಕ್ಕೂ ನಿಲ್ಲಿಸಿಲ್ಲ. ಹಾಗಾದರೆ ಗುರಿ ಏನು ಎಂಬುದನ್ನು 11ರಿಂದ 22ರವರೆಗೆ ಹೇಳುತ್ತಾನೆ: ಯೆಹೂದ್ಯರಿಗೂ ಅನ್ಯಜನರಿಗೂ ನಡುವೆ ಇದ್ದ ಅಡ್ಡಗೋಡೆಯನ್ನು ಕ್ರಿಸ್ತನು ಕೆಡವಿ ಇಬ್ಬರನ್ನೂ ಒಂದೇ ಹೊಸ ಮನುಷ್ಯನನ್ನಾಗಿ ಮಾಡಿದನು.

ಆ ಗೋಡೆ ಬರೀ ಅಲಂಕಾರದ ಮಾತಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಅನ್ಯರು ದಾಟಬಾರದ ತಡೆಗೋಡೆಯೊಂದು ನಿಜವಾಗಿಯೂ ಇತ್ತು. ಒಳಗೆ ಬಂದು ಸಿಕ್ಕಿಬಿದ್ದರೆ ಸಾವಿಗೆ ನೀನೇ ಹೊಣೆ ಎಂದು ಗ್ರೀಕಿನಲ್ಲಿ ಕೆತ್ತಿದ ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಅಪೊಸ್ತಲರ ಕೃತ್ಯಗಳು 21ರಲ್ಲಿ ಪೌಲನ ಮೇಲೆ ಜನ ಮುಗಿಬಿದ್ದದ್ದೇಕೆ? ತ್ರೊಫಿಮನೆಂಬ ಅನ್ಯನನ್ನು ದೇವಾಲಯದೊಳಗೆ ಕರೆತಂದನೆಂದು ಭಾವಿಸಿ. ಆ ತ್ರೊಫಿಮ ಎಲ್ಲಿಯವನು? ಎಫೆಸದವನು.

ಈಗ ನಮ್ಮ ಕಡೆ ನೋಡಿ. ಎರಡು ಮೂರು ತಲೆಮಾರಿನಿಂದ ಕೃಪೆಯ ಹಾಡು ಹಾಡಿಕೊಂಡು ಬಂದ ಮನೆಗಳಲ್ಲಿಯೇ ಮದುವೆಯ ಮಾತು ಬಂದಾಗ, ಹುಡುಗಿಯ ಅಜ್ಜ ಸಭೆಗೆ ಸೇರುವ ಮೊದಲು ಯಾವ ಜಾತಿಯವನಾಗಿದ್ದ ಎಂದು ಮೆಲ್ಲಗೆ ವಿಚಾರಿಸುತ್ತಾರೆ. 8ನೇ ವಚನ ಇವರಿಗೆಲ್ಲ ಬಾಯಿಗೆ ಬರುತ್ತದೆ. ಸ್ವರ್ಗಕ್ಕೆ ಟಿಕೆಟ್ ಸಿಕ್ಕಿದರೆ ಸಾಕು ಎಂದುಕೊಂಡವರಿಗೆ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೆ ಎಂಬ ಚಿಂತೆ ಬೇರೆ.

ಹೊಸಕೋಟೆ ರಸ್ತೆಯ ವಿಶ್ವಾಸಿ

ಈ ಮಾತಿಗೆ ನನ್ನದು ಪೂರ್ಣ ಸಹಮತ. ಕುಡಿತ ಬಿಟ್ಟವನಿಗೆ ಮೊದಲು ಊಟ ಹಾಕಿದವರು ನನ್ನ ಜಾತಿಯವರಾಗಿರಲಿಲ್ಲ.

ಆದರೂ ಒಂದು ಸಂದೇಹ ಉಳಿದಿದೆ. ಸತ್ಕ್ರಿಯೆ, ಒಂದಾದ ಜನ, ಹೊಸ ಬಾಳು, ಇವೇ ಗುರಿಯಾದರೆ, ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುತ್ತಾ ಪರದೈಸಿನ (ಸ್ವರ್ಗದ) ಮಾತು ಪಡೆದ ಕಳ್ಳನ ಗತಿ ಏನು? ದೀಕ್ಷಾಸ್ನಾನವಿಲ್ಲ, ಸಭೆಯಿಲ್ಲ, ಒಳ್ಳೆಯ ಕೆಲಸ ಮಾಡಲು ಒಂದು ದಿನವೂ ಉಳಿದಿರಲಿಲ್ಲ. ಕೈಕಾಲಿಗೆ ಮೊಳೆ ಬಿದ್ದಿತ್ತು. ಕಾರಣ ಕೃಪೆ, ಸರಿ. ಅವನ ರಕ್ಷಣೆಗೆ ಗುರಿ ಎಲ್ಲಿದೆ?

ಶಿವಮೊಗ್ಗದ ಸಂದೇಹಿ

ನಾನೂ ಇದನ್ನೇ ಕೇಳಬೇಕೆಂದಿದ್ದೆ.

ಬ್ರಹ್ಮಾವರದ ಆರ್ಥೊಡಾಕ್ಸ್

ಲೂಕ 23ರ 40, 41, 42ನೇ ವಚನಗಳನ್ನು ನಿಧಾನವಾಗಿ ಓದಿ. ಆ ಮೂರು ವಚನಗಳಲ್ಲಿ ಅವನು ಮಾಡಿದ್ದೆಷ್ಟು! ಪಕ್ಕದ ಶಿಲುಬೆಯವನನ್ನು ಗದರಿದ, ದೇವರ ಭಯವನ್ನು ನೆನಪಿಸಿದ. ತನಗೆ ಆದದ್ದು ನ್ಯಾಯವೇ ಎಂದು ಒಪ್ಪಿಕೊಂಡ. ಯೇಸು ನಿರಪರಾಧಿ ಎಂದು ಎಲ್ಲರೆದುರು ಸಾಕ್ಷಿ ಹೇಳಿದ. ಪೇತ್ರ ಹಿಂದಿನ ರಾತ್ರಿಯೇ ಆ ಮನುಷ್ಯನನ್ನು ಅರಿಯೆನೆಂದು ಹೇಳಿ ಹೋಗಿದ್ದ. ಅಧಿಕಾರಿಗಳು, ಸಿಪಾಯಿಗಳು ಗೇಲಿ ಮಾಡುತ್ತಿದ್ದರು. ಕೊನೆಗೆ, ಸಾಯುತ್ತಿರುವವನಲ್ಲಿ ರಾಜ್ಯವಿದೆ ಎಂದು ಕಂಡು ನೆನಪಿಡಬೇಕೆಂದು ಬೇಡಿದ. ಅಳಿಸಿಹೋದ ಚಿತ್ರ ಮತ್ತೆ ಮೂಡಿದ್ದು ಕಾಣುವುದಿಲ್ಲವೇ?

ಬಲ್ಮಠದ ಓದುಗ

ಇದು ಒಳ್ಳೆಯ ಓದು. ಒಂದೇ ತಿದ್ದುಪಡಿ: ಅವನು ಅದನ್ನೆಲ್ಲ ಮಾಡಿದ್ದರಿಂದ ಪರದೈಸಿನ ಮಾತು ಸಿಕ್ಕಿತು ಎಂದು ಯಾರೂ ಬರೆದುಕೊಳ್ಳಬೇಡಿ. ಹಾಗೆ ಬರೆದುಕೊಂಡ ಕ್ಷಣವೇ ಗುರಿ ಕಾರಣದ ಖಾನೆಗೆ ಜಾರಿತು.

ಟೀಚರ್ ಅವರಿಗೆ ಒಂದು ಮಾತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ನಿಮ್ಮ ಧರ್ಮಸಭೆಯೂ ಸಹಿ ಹಾಕಿದ ಜಂಟಿ ಘೋಷಣೆಯಲ್ಲಿ ಇದೇ ಮಾತಿದೆ. ನಮ್ಮ ಯಾವ ಅರ್ಹತೆಯ ಮೇಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಅಂಗೀಕರಿಸುತ್ತಾನೆ. ಪವಿತ್ರಾತ್ಮನು ಹೃದಯವನ್ನು ನವೀಕರಿಸಿ ಸತ್ಕ್ರಿಯೆಗಳಿಗೆ ಕರೆಯುತ್ತಾನೆ. ಮೆಥಡಿಸ್ಟರು 2006ರಲ್ಲಿ, ಸುಧಾರಿತ ಸಭೆಗಳ ಒಕ್ಕೂಟ 2017ರಲ್ಲಿ ಅದಕ್ಕೆ ಸೇರಿಕೊಂಡವು. ನಮ್ಮ ಊರಿನ ಎಷ್ಟು ಪಾದ್ರಿಗಳು ಅದನ್ನು ಓದಿದ್ದಾರೆಂದು ಕೇಳಬೇಡಿ.

ಬೆಂದೂರಿನ ಟೀಚರ್

ನಮ್ಮ ಕಡೆಯೂ ಅದೇ ಕತೆ. ಬೆಟಗೇರಿಯವರೇ, ನಿಮ್ಮ ಮಕ್ಕಳಿಗೆ ಕಳ್ಳನ ಮೂರು ವಚನಗಳನ್ನೂ ಕೊಡಿ.

ಬೆಟಗೇರಿಯವನು

ಕೊಡುತ್ತೇನೆ. ಮುಂದಿನ ಭಾನುವಾರ ಎಫೆಸ 2ನೇ ಅಧ್ಯಾಯವನ್ನು 22ನೇ ವಚನದವರೆಗೆ ಮಕ್ಕಳಿಂದಲೇ ಓದಿಸಿ, 'ಕಾರಣ' ಎನಿಸಿದ ಕಡೆ ಒಂದು ಗೆರೆ, 'ಗುರಿ' ಎನಿಸಿದ ಕಡೆ ಎರಡು ಗೆರೆ ಎಳೆಯಲು ಹೇಳುತ್ತೇನೆ. ಗೋಡೆಯ ಭಾಗಕ್ಕೆ ಬಂದಾಗ ಹಿರಿಯರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ತರಗತಿಯನ್ನು ಗಮನಿಸುವುದು ಅವರ ವಾಡಿಕೆ. ಮೇಲುಕೋಟೆಯವರು ಅನುಮತಿ ಕೊಟ್ಟರೆ ಬೆಕ್ಕು, ಕೋತಿ ಎರಡನ್ನೂ ಹಲಗೆಯ ಮೇಲೆ ಬರೆದು ತೋರಿಸುವ ಯೋಚನೆಯಿದೆ.

ಮೇಲುಕೋಟೆ ಕಡೆಯವನು

ಧಾರಾಳವಾಗಿ. ಎರಡೂ ಪಕ್ಷದವರಿಗೂ ಮರಿಯನ್ನು ಹೊತ್ತದ್ದು ತಾಯಿಯೇ ಎಂಬುದನ್ನು ಮರೆಯದೆ ಹೇಳಿ, ಇಲ್ಲವಾದರೆ ನಮ್ಮವರಿಬ್ಬರೂ ಸೇರಿ ನಿಮ್ಮ ಮೇಲೆ ಬೀಳುತ್ತಾರೆ.